ಸೋರಬೇಕಾದ ಹಂದರ

ಬಣ್ಣದ ಗಾಜಿನಿಂದ ಇಳಿದ ಬಿಸಿಲು ಆ ಪ್ರಾರ್ಥನಾಮಂದಿರದ ನೆಲದ ಮೇಲೆ ಕೆಂಪು, ಹಸಿರು, ನೀಲಿ ತುಂಡುಗಳಾಗಿ ಬಿದ್ದಿರುತ್ತಿತ್ತು. ಹೊತ್ತು ಏರಿದಂತೆ ಆ ತುಂಡುಗಳು ಬೆಂಚುಗಳ ಕಾಲು ದಾಟಿ, ನಡುವಿನ ಕಟ್ಟೆಯ ಮೆಟ್ಟಿಲು ಹತ್ತಿ, ಗೋಡೆಯತ್ತ ಸರಿಯುತ್ತಿದ್ದವು. ನಾನು ಕಾಗದ, ಪೆನ್ಸಿಲು ಹಿಡಿದು ಅವುಗಳ ಬೆನ್ನು ಹತ್ತುತ್ತಿದ್ದೆ. ಒಂದು ದಿನವೂ ಆ ಬಿಸಿಲು ನನ್ನ ಕಾಗದಕ್ಕೆ ಇಳಿಯಲಿಲ್ಲ ಬಿಡಿ.

ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ನನಗೆ ರಜೆ ಬಂತೆಂದರೆ ಹಳೆಯ ಕಟ್ಟಡಗಳನ್ನು ನೋಡುವ ಹುಚ್ಚು. ಗುಡಿ, ಬಸದಿ, ದರ್ಗಾ, ಚರ್ಚು ಎಲ್ಲ ಮುಗಿದ ಮೇಲೆ ಉಳಿದದ್ದು ಯೆಹೂದಿಗಳ ಈ ಪ್ರಾರ್ಥನಾಮಂದಿರ, ಸಿನಗಾಗ್, ಒಂದೇ. ಶನಿವಾರ ಕೆಲಸ ಮುಟ್ಟದ ಜನವೆಂದು ಊರವರು ಅದನ್ನು ‘ಶನಿವಾರದವರ ಗುಡಿ’ ಎನ್ನುತ್ತಿದ್ದರು. ಒಳಗೆ ಕಾಲಿಟ್ಟ ಮೊದಲ ದಿನವೇ ನನಗೆ ತಲೆಬುಡ ತಿಳಿಯದಂತಾಯಿತು. ಮೂರ್ತಿಯಿಲ್ಲ, ಪಟವಿಲ್ಲ. ಓದುವ ಕಟ್ಟೆ ನಟ್ಟನಡುವೆ, ಪವಿತ್ರ ಗ್ರಂಥದ ಕಪಾಟು ಪರದೆಯ ಹಿಂದೆ, ಹೆಂಗಸರು ಕೂರುವುದು ಮೇಲಿನ ಅಟ್ಟದಲ್ಲಿ. ಸೂರಿನಿಂದ ಇಳಿಬಿಟ್ಟ ಗಾಜಿನ ದೀಪಗಳಿಗಂತೂ ಲೆಕ್ಕವೇ ಇಲ್ಲ. ಕೈಮುಗಿಯಬೇಕಾದರೆ ಯಾವ ಕಡೆ ತಿರುಗಬೇಕು? ಗೊತ್ತಾಗದೆ, ನಿಂತಲ್ಲೇ ಒಂದು ಸುತ್ತು ತಿರುಗಿ ಎಲ್ಲ ದಿಕ್ಕಿಗೂ ಕೈಮುಗಿದುಬಿಟ್ಟೆ. ಅಟ್ಟದ ಮೇಲಿಂದ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕವಳು ಲೇಯಾಬಾಯಿ. ಅಲ್ಲಿಯ ಹಿರಿಯರಾದ ಹಸಾಜಿಯವರ ಹೆಂಡತಿ. ಬಾಯಲ್ಲಿ ಹಲ್ಲು ಉಳಿದಿರಲಿಲ್ಲ, ಮಾತು ಮಾತ್ರ ಒಂದೂ ಉದುರಿರಲಿಲ್ಲ. ಆ ನಗುವಿನಿಂದಲೇ ನಮ್ಮ ಸ್ನೇಹ ಶುರುವಾಯಿತು.

ಒಂದು ದಿನ ಆಕೆ ಹೇಳಿದಳು: “ಅಕ್ಕಾರ, ನಮ್ಮ ಹಂದರದ ಹಬ್ಬ ಬಂತು. ಅಂಗಳದಾಗ ಹಂದರ ಹಾಕಿ, ಹಬ್ಬ ಮುಗಿಯೂತನಾ ಅದರ ಕೆಳಗ ಉಣ್ಣಬೇಕು. ಹಾಕೋ ಮಂದಿ ನಮ್ಮಾಗ ಯಾರೂ ಉಳದಿಲ್ಲ. ನಿಮ್ಮಣ್ಣ ಹಾಕ್ತಾನಂತಲ್ಲ, ಅಂವನ್ನ ಕಳಸ್ರಿ.”

ನನ್ನ ಎದೆ ಧಸಕ್ಕೆಂದಿತು. ನನ್ನ ಅಣ್ಣ ಭರಮಣ್ಣ ಹಂದರ ಹಾಕುವುದರಲ್ಲಿ ಹೆಸರಾದವನು, ನಿಜ. ಆದರೆ ಒಂದು ದೊಡ್ಡ ಮನೆತನದ ಮದುವೆಯಲ್ಲಿ ಅಕ್ಷತೆಯ ಹೊತ್ತಿಗೆ ಸರಿಯಾಗಿ ಅಕಾಲದ ಮಳೆ ಸುರಿದು, ಅವನ ಹಂದರ ಸೋರಿ, ಮದುಮಕ್ಕಳು ತೊಯ್ದು, ಮಾಡಿದ ಅಡುಗೆಯೆಲ್ಲ ನೀರುಪಾಲಾಗಿತ್ತು. ಅಂದಿನಿಂದ ಊರು ಅವನಿಗೆ ‘ಸೋರೂ ಭರಮಣ್ಣ’ ಎಂದು ಹೆಸರಿಟ್ಟಿತು. ಒಬ್ಬರೂ ಕೆಲಸಕ್ಕೆ ಕರೆಯಲಿಲ್ಲ. ಅವನೋ ಕುಡುಗೋಲು, ಹುರಿ ಎಲ್ಲ ಮೂಲೆಗೆ ಎಸೆದು, ನಮ್ಮ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದ. ಹೀಗೇ ಬಿಟ್ಟರೆ ಇವನು ಮತ್ತೆ ಮನುಷ್ಯನಾಗಿ ಏಳುವುದಿಲ್ಲ ಎಂಬ ಹೆದರಿಕೆ ನನ್ನನ್ನು ತಿನ್ನುತ್ತಿತ್ತು. ಸದ್ಯ, ಶನಿವಾರದವರಿಗೆ ಊರ ಸುದ್ದಿ ಮುಟ್ಟಿಲ್ಲ ಎಂದುಕೊಂಡು ಮನೆಗೆ ಓಡಿದೆ. ಬೈದೆ, ಅತ್ತೆ, ಉಪವಾಸ ಕೂರುತ್ತೇನೆಂದು ಹೆದರಿಸಿದೆ. ಕೊನೆಗೆ ಎದ್ದ.

ಎದ್ದವನು ಹೇಗೆ ದುಡಿದನೆನ್ನುತ್ತೀರಿ! ಮಂದಿರದ ಅಂಗಳದಲ್ಲಿ ಬಿದಿರ ಗಳ ನೆಟ್ಟು, ಅದರ ಮೇಲೆ ತೆಂಗಿನ ಗರಿಯನ್ನು ಪದರದ ಮೇಲೆ ಪದರ ಹೊದಿಸಿ, ಸಂದಿಯೆಲ್ಲ ಹುಲ್ಲು ತುರುಕಿ ಬಿಗಿದ. ಕೆಲಸ ಮುಗಿದ ಬೆಳಿಗ್ಗೆ ಮಂದಿರದ ಬಾಗಿಲು ತೆರೆದಿತ್ತು. ಒಳಗಿನ ಬಣ್ಣದ ಬಿಸಿಲು ಹೊಸ್ತಿಲವರೆಗೂ ಬಂದಿತ್ತು. ಹಂದರದ ಕೆಳಗೆ ಮಾತ್ರ ಬಿಸಿಲಿನ ಒಂದು ಚುಕ್ಕೆಯೂ ಇರಲಿಲ್ಲ. ಅಣ್ಣ ಏಣಿ ಹತ್ತಿ, ಮೇಲಿಂದ ಕೊಡಗಟ್ಟಲೆ ನೀರು ಸುರಿದು ಕೂಗಿದ: “ತಂಗೀ, ಕೆಳಗ ನಿಂದರು! ಒಂದು ಹನಿ ಬಿತ್ತೇನು?”

“ಇಲ್ಲೋ ಅಣ್ಣಾ, ಒಂದೂ ಇಲ್ಲ!” ಎಂದೆ. ಏಣಿಯ ಮೇಲೆ ನಿಂತು ಅವನು ನಕ್ಕ. ಆ ನಗು ನೋಡಿ ಎಷ್ಟು ಕಾಲವಾಗಿತ್ತೋ! ನನಗೆ ಕುಣಿಯುವಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಹಸಾಜಿ ಬಂದರು. ಕತ್ತೆತ್ತಿ ನೋಡಿದರು. ಮುಖ ಸಪ್ಪಗಾಯಿತು.

“ಭರಮಣ್ಣಾ, ಕೆಲಸ ಛಲೋ ಐತಿ. ಆದ್ರ ಇದು ನಮಗ ನಡೆಯಂಗಿಲ್ಲ. ಕೆಳಗ ಕುಂತ್ರ ಮ್ಯಾಲೆ ಆಕಾಶದಾಗಿನ ಚುಕ್ಕಿ ಕಾಣಬೇಕು. ಮಳಿ ಬಂದ್ರ ಒಳಗ ಸೋರಬೇಕು.”

ಅಣ್ಣ ಏಣಿ ಇಳಿದ. ಕುಡುಗೋಲನ್ನು ಮೆಲ್ಲಗೆ ನೆಲಕ್ಕಿಟ್ಟ. “ನಿಮಗೂ ಗೊತ್ತಾಗೇತಿ ಅನ್ರಿ,” ಎಂದ. “ಚ್ಯಾಷ್ಟಿ ಮಾಡಾಕ ಇಲ್ಲೀತನಾ ಕರಸಬೇಕಿತ್ತೇನ್ರಿ ಸಾಹೇಬ್ರ? ಮನೀಗೇ ಬಂದು ನಕ್ಕು ಹೋಗಿದ್ರ ಆಗತಿತ್ತು.” ತಿರುಗಿ ನೋಡದೆ ಹೊರಟುಹೋದ.

ನನಗೆ ಏನೊಂದೂ ಅರ್ಥವಾಗಲಿಲ್ಲ. ಸಿಟ್ಟು ನೆತ್ತಿಗೇರಿ ಲೇಯಾಬಾಯಿಯ ಮುಂದೆ ಹೋಗಿ ಹಾರಾಡಿದೆ. ಆಕೆ ಸಮಾಧಾನವಾಗಿ ಹೇಳಿದಳು: ಅವರ ಹಿರಿಯರು ಮನೆಯಿಲ್ಲದೆ ಮರಳುಗಾಡಿನಲ್ಲಿ ಅಲೆದರಂತೆ. ಅದರ ನೆನಪಿಗೆ ಗಟ್ಟಿ ಮನೆ ಬಿಟ್ಟು ಬಂದು ಕೆಲವು ದಿನ ಗಟ್ಟಿಯಿಲ್ಲದ ಸೂರಿನ ಕೆಳಗೆ ಕೂರುವುದೇ ಹಬ್ಬವಂತೆ. ನೆರಳಿರಬೇಕು, ಆಕಾಶವೂ ಕಾಣಬೇಕು. ಮಳೆ ತಡೆಯುವ ಹಂದರ ಅವರ ಲೆಕ್ಕದಲ್ಲಿ ಹಂದರವೇ ಅಲ್ಲ. ಕೇಳುತ್ತ ಕೇಳುತ್ತ ನನ್ನ ಗೊಂದಲ ಇನ್ನಷ್ಟು ಹೆಚ್ಚಿತು. ಒಳಗೆ ನೋಡಿದರೆ ಕಲ್ಲಿನ ಕಂಬ, ಗಾಜಿನ ದೀಪ, ಅಷ್ಟು ಚೆಂದದ ಕಟ್ಟಡ. ಹೊರಗೆ ಬೇಕೆಂದೇ ಸೋರುವ ಹಂದರ! ಇದು ಎಂಥ ಜನವಪ್ಪಾ ಎನ್ನಿಸಿತು.

“ನಾಳೆ ಹೊತ್ತು ಮುಳುಗಿದ್ರ ಹಬ್ಬ. ಆಮ್ಯಾಲೆ ಕೆಲಸ ಮುಟ್ಟಂಗಿಲ್ಲ, ಒಂದು ಗರಿ ಸರಸಾಕೂ ನಮಗ ಬರಂಗಿಲ್ಲ,” ಎಂದು ಆಕೆ ಸೆರಗು ಸಿಕ್ಕಿಸಿಕೊಂಡು ಎದ್ದಳು. “ನಡೀರಿ, ನಿಮ್ಮಣ್ಣನ ಕಡೆ ಹೋಗೂಣು.”

ಅಣ್ಣ ಮತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಲೇಯಾಬಾಯಿ ಅವನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕುಳಿತಳು.

“ಭರಮಣ್ಣಾ, ಖರೇ ಹೇಳ್ತೀನಿ ಕೇಳು. ನಿನ್ನ ಹಂದರ ಸೋರಿದ್ದು ನಮಗ ಮೊದಲ ಗೊತ್ತಿತ್ತು. ಉಳದವರನ್ನ ಕರದ್ರ ಸೋರಧಂಗ ಹಾಕ್ತಾರ, ಎಷ್ಟು ಹೇಳಿದ್ರೂ ಕೇಳಂಗಿಲ್ಲ. ಊರಾಗ ಸೋರೂ ಹಂದರ ಹಾಕಾವ ನೀ ಒಬ್ಬನ ಅಂದ್ರು. ಅದಕ್ಕ ಏನೂ ಹೇಳದ ನಿನ್ನ ಕರಸಿದ್ವಿ.”

ನಾನು ಬಾಯಿಗೆ ಸೆರಗು ಒತ್ತಿಕೊಂಡೆ. ಅಯ್ಯೋ ದೇವರೇ, ಇಂಥ ಮಾತನ್ನು ಹೀಗೆ ಮುಖಕ್ಕೆ ಹೊಡೆದಂತೆ ಹೇಳುವುದುಂಟೆ! ಅದು ಅವಮಾನವೋ ಆದರವೋ ಇವತ್ತಿಗೂ ನನಗೆ ತಿಳಿಯದು.

ಅಣ್ಣ ಹೊರಳಿ ಎದ್ದು ಕುಳಿತು ಆಕೆಯನ್ನೇ ನೋಡಿದ. “ಸೋರೂದು ಬ್ಯಾರೆ, ಸೋರಸೂದು ಬ್ಯಾರೆ, ಅವ್ವಾ. ಆವತ್ತ ಸೋರಿದ್ದು ಕೈ ತಪ್ಪಿ. ಬೇಕಂತ ಸೋರಸೂದು ನನಗ ಬರಂಗಿಲ್ಲ.”

“ಕಲೀ ಮತ್ತ,” ಎಂದಳು ಲೇಯಾಬಾಯಿ.

ಮರುದಿನ ಬೆಳಿಗ್ಗೆ ಅವನು ನನಗಿಂತ ಮೊದಲೇ ಅಲ್ಲಿದ್ದ. ತಾನೇ ತುರುಕಿದ ಹುಲ್ಲನ್ನು ತಾನೇ ಕಿತ್ತ. ಒಂದೊಂದು ಗರಿ ತೆಗೆಯುವಾಗಲೂ ತನ್ನ ಹಲ್ಲು ತಾನೇ ಕೀಳುವವನ ಹಾಗೆ ಮುಖ ಹಿಂಡುತ್ತಿದ್ದ. ಹಸಾಜಿ ಕೆಳಗೆ ನಿಂತು “ಇನ್ನೊಂದು ತಗಿ... ಹೋ ಹೋ, ಅದು ಬ್ಯಾಡ, ನೆರಳು ಹೋತು!” ಎಂದು ಕೂಗುವರು. ತೆಗೆದದ್ದನ್ನು ಮತ್ತೆ ಇಡುವನು. ಮಧ್ಯಾಹ್ನದ ಹೊತ್ತಿಗೆ ಅವನೇ ಕೆಳಗಿಳಿದು, ಕಣ್ಣು ಕಿರಿದು ಮಾಡಿ ಮೇಲೆ ನೋಡಿ, “ಸಾಹೇಬ್ರ, ಆ ಮೂಲ್ಯಾಗ ನೆರಳು ಜಾಸ್ತಿ ಆತು” ಎಂದು ತಾನೇ ತಪ್ಪು ಹುಡುಕತೊಡಗಿದ. ಹೊತ್ತು ಮುಳುಗುವ ಮೊದಲು ಕೆಲಸ ಮುಗಿಯಿತು.

ಆ ಸಂಜೆ ಅಲ್ಲಿ ಉಳಿದಿದ್ದ ನಾಲ್ಕಾರು ಮನೆಗಳವರು ನಮ್ಮಿಬ್ಬರನ್ನೂ ಊಟಕ್ಕೆ ಕೂರಿಸಿಕೊಂಡರು. ಹಸಾಜಿ ಒಣದ್ರಾಕ್ಷಿಯ ಶರಬತ್ತು ಹಿಡಿದು ಪ್ರಾರ್ಥನೆ ಹೇಳಿದರು. ಹಾಡಿದರು. ಮರುದಿನದ ಪ್ರಾರ್ಥನೆಗೆಂದು ಇಟ್ಟ ಮಾದಲಹಣ್ಣಿನ ಪರಿಮಳ ಹಂದರದ ತುಂಬ ಇತ್ತು. ಗರಿಗಳ ಸಂದಿಯಲ್ಲಿ ಚುಕ್ಕಿ ಕಂಡಾಗ ಎಲ್ಲರೂ ಕೈ ತೋರಿಸಿ ಭರಮಣ್ಣನ ಹೆಸರು ಕೂಗಿದರು. ಅವನು ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದ.

ಊಟ ಅರ್ಧವಾಗುವಷ್ಟರಲ್ಲಿ ಮೋಡ ಕವಿದು ಹನಿ ಬಿತ್ತು. ಒಂದು ನನ್ನ ಕೈಗೆ, ಒಂದು ಸಾರಿನ ಬೋಗುಣಿಗೆ. ನನ್ನ ಜೀವ ಹಾರಿತು.

“ಮಳಿ ಬಂದ್ರ ಒಳಗ ಹೋಗಿ ಉಣ್ಣಬಹುದು, ನಮ್ಮ ರಿವಾಜದಾಗ ಐತಿ. ಏಳ್ರಿ, ಏಳ್ರಿ!” ಎಂದರು ಹಸಾಜಿ. ಎಲ್ಲರೂ ತಟ್ಟೆ ಎತ್ತಿಕೊಂಡು, ನಗುತ್ತ, ಒಬ್ಬರನ್ನೊಬ್ಬರು ನೂಕುತ್ತ ಒಳಗೆ ಓಡಿದರು. ಹೊಸ್ತಿಲಲ್ಲಿ ನಿಂತು ತಿರುಗಿ ನೋಡಿದರೆ ಅಣ್ಣ ಕೂತಲ್ಲಿಂದ ಎದ್ದಿರಲಿಲ್ಲ. ನೀರು ಅವನ ತಲೆಯ ಮೇಲೆ, ಹೆಗಲ ಮೇಲೆ, ಅನ್ನದ ಮೇಲೆ ಬೀಳುತ್ತಿತ್ತು.

“ಅಣ್ಣಾ, ಬಾರೋ!”

“ನೀವು ಉಣ್ರಿ,” ಎಂದ. “ಆ ಮದುವ್ಯಾಗ ಸೋರಾಕ ಹತ್ತಿದ ಕೂಡ್ಲೆ ನಾ ಹಿತ್ತಲ ಬಾಗಲಾ ಹಿಡದು ಓಡಿಹೋಗಿದ್ದೆ, ತಂಗಿ. ಇವತ್ತ ಕುಂದರತೀನಿ.”

ಅದನ್ನು ಅವನು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಕರೆಯಲೋ, ಬಿಡಲೋ, ನಾನೇ ಹೋಗಿ ಕೂರಲೋ ತೋಚದೆ ನಿಂತಿದ್ದಾಗ, ಲೇಯಾಬಾಯಿ ಗಂಡನ ಕೈ ಸರಿಸಿ, ತಟ್ಟೆಗೆ ಸೆರಗು ಮುಚ್ಚಿಕೊಂಡು, ನನ್ನನ್ನು ದಾಟಿ ಅಂಗಳಕ್ಕೆ ಇಳಿದಳು.

“ಮಳ್ಯಾಗ ಕುಂತು ಉಣ್ಣೋರಿಗೆ ನಮ್ಮ ಮಂದಿ ಹುಚ್ಚರು ಅಂತಾರ,” ಎಂದಳು ಅವನಿಗೆ.

“ಹಂಗಾದ್ರ ನೀ ಯಾಕ ಬಂದಿ, ಅವ್ವಾ?”

“ಸರಿ ಅತ್ತಾಗ.”

ಅವನು ಸರಿದು ಜಾಗ ಕೊಟ್ಟ. ಮಳೆ ಜೋರಾಯಿತು. ಅವನು ತನ್ನ ಎಡಗೈಯನ್ನು ಆಕೆಯ ತಟ್ಟೆಯ ಮೇಲೆ ಅಡ್ಡ ಹಿಡಿದ. ಆಕೆ ಆ ಕೈಯನ್ನು ಪಕ್ಕಕ್ಕೆ ಸರಿಸಿ, ತೊಯ್ದ ಅನ್ನವನ್ನೇ ಕಲಸಿ ತುತ್ತು ಎತ್ತಿದಳು.