ಪ್ರಸಾರವಾದದ್ದೇ ಸತ್ಯ

"ಸತ್ತವರನ್ನ ಎಬ್ಬಿಸೋಕೆ ನಾನೇನು ದೇವರಾ, ಅಣ್ಣಾ?" ಎನ್ನುತ್ತ ತಂಗಿ ತಿಂಡಿಯ ತಟ್ಟೆಯನ್ನು ಅರ್ಧಕ್ಕೇ ದೂರ ತಳ್ಳಿದಳು.

"ಸತ್ತಿರೋದು ನನ್ನ ಹೆಂಡ್ತಿ ಅಲ್ಲ ಕಣೇ. ರೇಡಿಯೋದಲ್ಲಿ ಅವಳು ಮಾಡ್ತಿದ್ದ ಪಾತ್ರ. ನಿನ್ನ ಆಫೀಸಿನ ಗೋಡೆ ಮೇಲಿರೋ ಒಂದು ಗೀಟು ಅಳಿಸಿದ್ರೆ ಮುಗೀತು. ಮನೆಯವರಿಗೋಸ್ಕರ ಅಷ್ಟೂ ಮಾಡೋಕಾಗಲ್ವಾ?"

ಅಡುಗೆಮನೆಯಿಂದ ಲೋಟಕ್ಕೆ ಚಮಚ ಬಡಿದ ಸದ್ದು ಬಂತು, ಟಣ್ ಟಣ್. ಇಬ್ಬರೂ ಬಾಯಿ ಮುಚ್ಚಿದರು. ಅತ್ತಿಗೆ ಈಗ ಜನರನ್ನು ಕರೆಯುವುದು, ಬೈಯುವುದು, ಜಗಳ ಬಿಡಿಸುವುದು ಎಲ್ಲವೂ ಆ ಚಮಚದಿಂದಲೇ. ಗಂಟಲಿನ ಆಪರೇಷನ್ ಆದ ಮೇಲೆ ತುಂಬ ದಿನ ಮಾತಾಡಕೂಡದೆಂದು ಡಾಕ್ಟರು ಹೇಳಿದ್ದರು. ಈಗ ಅವರೇ ಧಾರಾಳವಾಗಿ ಮಾತಾಡಿ, ಕೆಲಸಕ್ಕೂ ಹೋಗಿ ಎಂದರೂ ಅವಳು ಚಮಚ ಬಿಟ್ಟಿರಲಿಲ್ಲ. ದನಿ ಒರಟಾಗಿ ಒಡೆದಿತ್ತು. ಹೋಗಲು ಕೆಲಸವೇ ಇಲ್ಲದ ಮೇಲೆ ಆ ದನಿಯನ್ನು ಯಾರಿಗೆ ಕೇಳಿಸುವುದು ಎಂದುಕೊಂಡಿದ್ದಳೋ ಏನೋ.

ತಂಗಿಯ ಉದ್ಯೋಗ ವಿಚಿತ್ರವಾದದ್ದು. ಬಾಹ್ಯಾಕಾಶ ನೌಕೆಯೊಂದರ ಸಾಹಸಗಳ ರೇಡಿಯೋ ಧಾರಾವಾಹಿ ವರ್ಷಾನುಗಟ್ಟಲೆಯಿಂದ ನಡೆಯುತ್ತಿತ್ತು. ಅದರ ಕಾಮಿಕ್ಸ್, ಆಟಿಕೆಗಳು ಅಂಗಡಿ ತುಂಬ ಇದ್ದವು. ಕಥೆ ಕಾಲದಲ್ಲಿ ಹಿಂದೆ ಮುಂದೆ ಮನಸ್ಸು ಬಂದಂತೆ ಓಡಾಡುತ್ತಿದ್ದುದರಿಂದ, ಯಾರು ಯಾವಾಗ ಹುಟ್ಟಿದರು, ಯಾವ ಗ್ರಹ ಯಾವಾಗ ಸಿಡಿಯಿತು, ನಾಯಕನ ಎಡಗೈ ಯಾವ ಕಂತಿನಲ್ಲಿ ಹೋಯಿತು ಎಂಬುದನ್ನೆಲ್ಲ ಗೋಡೆಯುದ್ದದ ಕಾಲಪಟ್ಟಿಯಲ್ಲಿ ಸರಿಯಾಗಿಡುವುದು ಅವಳ ಹೊಣೆ. ಹೋದ ಕೈಯಿಂದ ನಾಯಕ ಚಪ್ಪಾಳೆ ತಟ್ಟಿದನೆಂದು ಕಥೆಗಾರರು ಬರೆದರೆ ಅವಳು ಕೆಂಪು ಪೆನ್ನು ಹಿಡಿಯುವಳು. ಅದಕ್ಕೇ ಆಫೀಸಿನಲ್ಲಿ ಅವಳು ತಕರಾರಮ್ಮ. ಕಾಮಿಕ್ಸ್‌ನಲ್ಲಿ ಬಂದದ್ದು, ಆಟಿಕೆಯ ಡಬ್ಬದ ಮೇಲೆ ಅಚ್ಚಾದದ್ದು, ಕಥೆಗಾರರು ಸಂದರ್ಶನದಲ್ಲಿ ಕೊಚ್ಚಿಕೊಂಡದ್ದು ಯಾವುದೂ ಅವಳ ಲೆಕ್ಕಕ್ಕಿಲ್ಲ. ಪ್ರಸಾರವಾದದ್ದೇ ಸತ್ಯ. ಈ ನಿಯಮ ಮಾಡಿದವಳೂ ಅವಳೇ, ಕಾಯುವವಳೂ ಅವಳೇ. ಕಂತನ್ನು ಕಿವಿಯಾರೆ ಕೇಳಿದ ಮೇಲೆಯೇ ಪಟ್ಟಿಗೆ ಏರಿಸುತ್ತಿದ್ದಳು.

ಅತ್ತಿಗೆ ಅದರಲ್ಲಿ ನೌಕೆಯ ಮೆಕ್ಯಾನಿಕ್. "ಯಾರ್ರೀ ಅದು, ನನ್ನ ಸ್ಪ್ಯಾನರ್ ಮುಟ್ಟಿದ್ದು?" ಎಂದು ಅವಳು ಗುಡುಗಿದರೆ ಮನೆಮನೆಯಲ್ಲಿ ಮಕ್ಕಳೂ ಜೊತೆಗೇ ಗುಡುಗುತ್ತಿದ್ದವು. ಅವಳು ಕಾಯಿಲೆ ಬಿದ್ದಾಗ ಕಥೆಗಾರರು ಗಡಿಬಿಡಿಯಲ್ಲಿ ಮೆಕ್ಯಾನಿಕ್ಕನ್ನು ಎಂಜಿನ್ ಕೋಣೆಯ ಬೆಂಕಿಗೆ ಹಾಕಿ ಕೈತೊಳೆದುಕೊಂಡರು. ಆಮೇಲೆ ಕಥೆ ನಾಯಕನ ಬಾಲ್ಯಕ್ಕೆ ಹಾರಿತು. ಈಗ ಮತ್ತೆ ನೌಕೆಗೆ ವಾಪಸಾಗುತ್ತಿತ್ತು. ಹೊಸ ಮೆಕ್ಯಾನಿಕ್ಕಿಗಾಗಿ ನಾಳೆಯೇ ಧ್ವನಿ ಪರೀಕ್ಷೆ. ನಿರ್ಮಾಪಕಿ ಖಡಾಖಂಡಿತ ಹೇಳಿದ್ದರು: "ನಿಮ್ಮ ಅತ್ತಿಗೇನ ವಾಪಸ್ ಕರೆಸೋಕೆ ನನಗೂ ಆಸೆಯೇ. ಆದ್ರೆ ಎಲ್ಲಾ ಕನಸು, ಅವಳಿ ತಂಗಿ, ಆ ಥರ ನಾಟಕ ಬೇಡ. ಕೇಳೋರು ಉಗೀತಾರೆ. ಕಾಲಪಟ್ಟಿ ಒಪ್ಪಿದ್ರೆ ಮಾತ್ರ."

ಕಾಲಪಟ್ಟಿ ಒಪ್ಪುತ್ತಿರಲಿಲ್ಲ. ಮೆಕ್ಯಾನಿಕ್ಕಿನ ಗೆರೆಯ ಕೊನೆಯಲ್ಲಿ ತಂಗಿಯ ಕೈಯಿಂದಲೇ ಎಳೆದ ಕಪ್ಪು ಅಡ್ಡಗೀಟು ಇತ್ತು. ಊರವರ ತಪ್ಪಿಗೆಲ್ಲ ಕೆಂಪು ಪೆನ್ನು ಹಿಡಿದವಳು ಮನೆಯವರಿಗಾಗಿ ಅದನ್ನು ಅಳಿಸಿಬಿಟ್ಟರೆ ನಾಳೆ ಯಾವ ಮುಖ ಹೊತ್ತು ತಕರಾರು ತೆಗೆಯುವುದು? ಹಾಗೆಂದು ಅವಳಿಗೆ ಸಂಕಟವಿರಲಿಲ್ಲವೆಂದಲ್ಲ. ಆ ಚಮಚದ ಸದ್ದು ಕೇಳಿದಾಗಲೆಲ್ಲ ಆ ಅಡ್ಡಗೀಟು ನೆನಪಾಗುತ್ತಿತ್ತು.

ಆಫೀಸಿಗೆ ಹೋಗಿ ಕುರ್ಚಿಯಲ್ಲಿ ಕೂತಳೋ ಇಲ್ಲವೋ, ಫೋನು ಬಡಿದುಕೊಂಡಿತು. ಹಲ್ಲಿನ ಡಾಕ್ಟರು. ಕೇಳುಗರಲ್ಲೆಲ್ಲ ದೊಡ್ಡ ತಲೆನೋವು ಅವರೇ. ಒಂದು ಕಂತು ಬಂದರೆ ಮರುದಿನ ಒಂದು ತಗಾದೆ ಗ್ಯಾರಂಟಿ.

"ಮೇಡಂ, ಆ ಮೆಕ್ಯಾನಿಕ್ ಸತ್ತಿಲ್ಲ."

"ಎಷ್ಟು ಸಲ ಹೇಳೋದು ಡಾಕ್ಟ್ರೇ? ಸತ್ತಿದ್ದಾಳೆ. ಪಟ್ಟೀಲಿದೆ."

"ಪಟ್ಟಿ ನೀವು ಬರೆದಿದ್ದು. ಪ್ರಸಾರವಾದದ್ದೇ ಸತ್ಯ ಅಂತ ನನಗೆ ಪಾಠ ಹೇಳಿದ್ದೂ ನೀವೇ. ನನಗೆ ಕೇಳಿಸಿದ್ದು ಬಾಗಿಲು ಮುಚ್ಚಿದ ಸದ್ದು, ಅಷ್ಟೇ. ನೀವು ಆ ಕಂತು ಕೇಳಿದ್ದೀರಾ?"

ಫೋನಿನ ಆ ಬದಿಯಲ್ಲಿ ಯಾರೋ "ಆಂ... ಆಂ..." ಎಂದು ನರಳಿದರು.

"ಬಾಯಿ ತೆಗೆದೇ ಇರಿ ಯಜಮಾನ್ರೇ, ಇಲ್ಲೊಂದು ಜೀವದ ಪ್ರಶ್ನೆ ಇದೆ," ಎಂದು ಡಾಕ್ಟರು ಅತ್ತ ಗದರಿ ಮತ್ತೆ ಕೇಳಿದರು. "ಹೇಳಿ ಮೇಡಂ, ಕೇಳಿದ್ದೀರಾ?"

ಅವಳು ಕೇಳಿರಲಿಲ್ಲ. ಆ ವಾರ ಅವಳು ಆಸ್ಪತ್ರೆಯಲ್ಲಿ ಅತ್ತಿಗೆಯ ಹಾಸಿಗೆಯ ಪಕ್ಕ ಕೂತಿದ್ದಳು. ಅತ್ತಿಗೆ ಉಳಿಯುತ್ತಾಳೋ ಇಲ್ಲವೋ ಎಂಬ ಭಯದಲ್ಲಿ, ರೇಡಿಯೋದಲ್ಲಿ ಅವಳು ಸಾಯುವುದನ್ನು ಕೇಳುವ ಧೈರ್ಯ ಬಂದಿರಲಿಲ್ಲ. ವಾಪಸ್ ಬಂದ ಮೇಲೂ ಬರಲಿಲ್ಲ. ಕಥೆಗಾರರು ಬರೆದದ್ದನ್ನು ಓದಿ, ಕಣ್ಣು ಒರೆಸಿಕೊಂಡು, ಅಡ್ಡಗೀಟು ಎಳೆದಿದ್ದಳು. ಅಷ್ಟು ಕಾಲದ ಕೆಲಸದಲ್ಲಿ ಕೇಳದೆ ಎಳೆದದ್ದು ಅದೊಂದೇ ಗೀಟು.

ಫೋನಿಟ್ಟವಳೇ ಧ್ವನಿಮುದ್ರಣದ ಕೋಣೆಗೆ ಓಡಿದಳು. ಅಲ್ಲಿ ಎಲ್ಲರೂ ಸೌಂಡ್ ಮಾಮ ಎನ್ನುವ ರೆಕಾರ್ಡಿಸ್ಟ್ ಚಹಾ ಕುಡಿಯುತ್ತ ಕೂತಿದ್ದರು. ಆ ಕಂತು ಹಾಕಿಸಿಕೊಂಡು ಕಣ್ಣು ಮುಚ್ಚಿ ಕೇಳಿದಳು. ಬೆಂಕಿಯ ಸದ್ದು. "ಅಕ್ಕಾ, ಹೊರಗೆ ಬಾ!" ಎಂದು ನಾಯಕ ಕಿರುಚಿದ. ಉಕ್ಕಿನ ಬಾಗಿಲು ದಢಾರನೆ ಮುಚ್ಚಿತು. "ಅಕ್ಕಾ... ಅಕ್ಕಾ..." ಸಂಗೀತ. ಮುಗಿಯಿತು.

"ಉಳಿದದ್ದೆಲ್ಲಿ ಮಾಮ? 'ಅಕ್ಕ ಹೋಗಿಬಿಟ್ಟಳು' ಅಂತ ಅವನು ಅಳಬೇಕಲ್ಲ?"

ಮಾಮ ತಲೆ ಕೆರೆದುಕೊಂಡರು. "ಓ, ಅದಾ! ನಮ್ಮ ನಾಯಕರು 'ಅಕ್ಕಾ ಅಕ್ಕಾ' ಅಂತ ಎಳೆದೂ ಎಳೆದೂ ಟೈಮೆಲ್ಲ ತಿಂದುಬಿಟ್ರು. ವಾರ್ತೆಗೆ ಹೊತ್ತಾಯ್ತು, ಬಾಲ ಕತ್ತರಿಸಿಬಿಟ್ಟೆ. ಎಲ್ರಿಗೂ ಹೇಗೂ ಅರ್ಥ ಆಗತ್ತೆ ಅಂತ. ನಿಮಗೆ ಹೇಳೋಣ ಅಂದ್ರೆ ನೀವು ಆಸ್ಪತ್ರೇಲಿದ್ರಿ. ಯಾಕಮ್ಮಾ, ತಪ್ಪಾಯ್ತಾ?"

"ತಪ್ಪು ನಂದು ಮಾಮ. ನೀವು ಪುಣ್ಯ ಕಟ್ಕೊಂಡ್ರಿ," ಎಂದವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಮಾಮ ಗಾಬರಿಯಾಗಿ ತಮ್ಮ ಚಹಾವನ್ನೇ ಅವಳ ಕೈಗೆ ಕೊಟ್ಟರು.

ನಿರ್ಮಾಪಕಿ ಕಂತನ್ನು ಮತ್ತೆ ಮತ್ತೆ ಹಾಕಿಸಿ ಕೇಳಿದರು. "ಆಮೇಲೆ ಯಾವ ಕಂತಲ್ಲಾದ್ರೂ ಅವಳು ಸತ್ತಳು ಅಂದಿದ್ದಾರಾ?"

"ಇಲ್ಲ ಮೇಡಂ. ಆಮೇಲಿಂದೆಲ್ಲ ಬಾಲ್ಯದ ಕಥೆ. ಅದನ್ನೆಲ್ಲ ಕೇಳಿದ್ದೀನಿ."

"ಮತ್ತೆ ನಿಮ್ಮ ಅಡ್ಡಗೀಟು?"

"ಕೇಳದೆ ಎಳೆದಿದ್ದು. ನನ್ನ ನಿಯಮ ನಾನೇ ಮುರಿದೆ."

"ತಕರಾರಮ್ಮನ ಮೇಲೇ ತಕರಾರು!" ನಿರ್ಮಾಪಕಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಮೆಲ್ಲಗೆ, "ಆದ್ರೆ ಅವರ ದನಿ ಒಡೆದಿದೆ ಅಂದ್ರಲ್ಲ?" ಎಂದರು.

"ಅಷ್ಟು ಹೊಗೆ ಕುಡಿದು ಬದುಕಿದವಳ ದನಿ ಇನ್ನು ಹೇಗಿರತ್ತೆ ಮೇಡಂ?"

ನಿರ್ಮಾಪಕಿ ಫೋನೆತ್ತಿ ನಾಳೆಯ ಧ್ವನಿ ಪರೀಕ್ಷೆಯನ್ನು ರದ್ದು ಮಾಡಿದರು. ತಂಗಿ ಗೋಡೆಯ ಹತ್ತಿರ ಹೋಗಿ ಒದ್ದೆ ಬಟ್ಟೆಯಿಂದ ಗೀಟು ಉಜ್ಜತೊಡಗಿದಳು. ಅದು ಅಷ್ಟು ಸುಲಭಕ್ಕೆ ಹೋಗಲಿಲ್ಲ. ಅವಳಿಗೂ ಅವಸರವಿರಲಿಲ್ಲ, ಬಹಳ ದಿನಗಳ ಮೇಲೆ ಎದೆ ಹಗುರಾಗಿತ್ತು.

ಹೊಸ ಕಥೆ ಆ ಮುಚ್ಚಿದ ಬಾಗಿಲಿನ ಮುಂದೆಯೇ ಶುರುವಾಯಿತು. ಒಳಗಿನಿಂದ ಬಾಗಿಲು ಬಡಿಯುವುದಕ್ಕೆಂದು ಸೌಂಡ್ ಮಾಮ ಕಬ್ಬಿಣದ ಕೊಳವೆಯೊಂದನ್ನು ತಂದಿಟ್ಟಿದ್ದರು. ಅತ್ತಿಗೆ ಅದನ್ನು ಮುಟ್ಟಲಿಲ್ಲ. ಚೀಲದಿಂದ ತನ್ನ ಚಮಚ, ಲೋಟ ತೆಗೆದು ಮೈಕಿನ ಮುಂದೆ ಹಿಡಿದಳು. ಟಣ್ ಟಣ್. ಗಾಜಿನ ಈಚೆ ತಂಗಿ ಕಣ್ಣು ಮುಚ್ಚಿ ಕಿವಿಗೊಟ್ಟಳು.

"ಯಾರ್ರೀ ಅದು," ಎಂದು ಬಂದ ದನಿ ಮೊದಲಿನದಾಗಿರಲಿಲ್ಲ. ಬೆಂಕಿ ದಾಟಿ ಬಂದವರ ದನಿಯಾಗಿತ್ತು. "ನನ್ನ ಸ್ಪ್ಯಾನರ್ ಮುಟ್ಟಿದ್ದು?"

ಸೌಂಡ್ ಮಾಮ ಸಂಗೀತ ಹಾಕುವುದನ್ನೇ ಮರೆತರು.

ಚಮಚ, ಲೋಟ ಸ್ಟುಡಿಯೋದಲ್ಲೇ ಉಳಿದವು. ಇನ್ನೂ ಕೆಲವು ಕಂತಿಗೆ ಬೇಕಾಗಬಹುದೆಂದು ಮಾಮ ಅವನ್ನು ಕಪಾಟಿಗೆ ಹಾಕಿ ಬೀಗ ಜಡಿದಿದ್ದರು. ಮರುದಿನ ಬೆಳಿಗ್ಗೆ ಅಣ್ಣ ತಂಗಿ ಎಂದಿನಂತೆ ತಿಂಡಿಗೆ ಕೂತಿದ್ದಾಗ ಬಚ್ಚಲಿನಿಂದ ಒರಟು ದನಿಯೊಂದು ಮನೆಯ ತುಂಬ ಮೊಳಗಿತು:

"ಯಾರಿದ್ದೀರಾ ಅಲ್ಲಿ? ಟವೆಲ್ ಮರ್ತುಬಂದೆ, ಒಂದು ಕೊಡಿ!"

ಇಬ್ಬರೂ ಒಟ್ಟಿಗೇ ಎದ್ದರು, ಬಾಗಿಲಲ್ಲಿ ಒಬ್ಬರಿಗೊಬ್ಬರು ಢಿಕ್ಕಿ ಹೊಡೆದುಕೊಂಡರು. ಬಚ್ಚಲಿನ ಕದ ತೆರೆದು ಒದ್ದೆ ಕೈಯೊಂದು ಹೊರಗೆ ಚಾಚಿದಾಗ ಅದರ ಮುಂದೆ ಎರಡು ಟವೆಲ್‌ಗಳಿದ್ದವು.