ಐದು ಪೆಟ್ಟಿಗೆಗೂ ಒಂದೇ ದನಿ

"ಊಟ ತಂದಿದೀನಿ. ತಿಂತೀರೋ, ಗೋಡೆಗೆ ಮೆತ್ಲೋ?" ಎಂದು ಮೂರನೆಯ ರೇಡಿಯೊ ಪೆಟ್ಟಿಗೆ ಕೇಳಿತು. ಆ ದನಿಯ ಒಡತಿ ಅದೇ ಹೊತ್ತಿಗೆ ಮಹಡಿಯ ಕಾರ್ಯಾಗಾರದ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಊಟವಿರಲಿಲ್ಲ, ಮನೆಯ ಬೀಗದ ಕೈ ಇತ್ತು.

ಒಳಗೆ ಅವಳ ಗಂಡ, ಊಸರವಳ್ಳಿ ಎಂದೇ ಹೆಸರಾದ ಎಂಜಿನಿಯರ್, ತಲೆ ಎತ್ತಲಿಲ್ಲ. ಆ ಹೆಸರು ಸುಮ್ಮನೆ ಬಂದದ್ದಲ್ಲ. ಅವನ ಸಾಫ್ಟ್‌ವೇರ್ ಹಾಕಿದರೆ ಹಡಗಿನ ರೇಡಿಯೊ ಕಣ್ಣು ಮಿಟುಕಿಸುವಷ್ಟರಲ್ಲಿ ಆಂಬುಲೆನ್ಸಿನ ರೇಡಿಯೊ ಆಗುತ್ತಿತ್ತು. ಒಂದು ತಂತಿ ಬದಲಿಸಬೇಕಿಲ್ಲ, ಒಂದು ತಿರುಪು ಬಿಚ್ಚಬೇಕಿಲ್ಲ. ಪೆಟ್ಟಿಗೆ ಯಾವ ಕಂಪನಿಯದಾದರೂ ಸರಿ. ಇನ್ನೊಂದು ವಾರ ಬಿಟ್ಟಿದ್ದರೆ ಇಸ್ತ್ರಿಪೆಟ್ಟಿಗೆಯಿಂದಲೂ ಹವಾಮಾನ ವರದಿ ಓದಿಸುತ್ತಿದ್ದ ಭೂಪ.

ಆ ಕಾರ್ಯಾಗಾರದಲ್ಲಿ ಒಂದು ಪದ್ಧತಿಯಿತ್ತು. ಹೊಸ ಪೆಟ್ಟಿಗೆ ಬಂದರೆ ಮೊದಲು ನುಡಿಯಬೇಕಾದದ್ದು ಇವಳ ಈ ಮಾತನ್ನೇ. ಮದುವೆಯ ಹೊಸತರಲ್ಲಿ ಬುತ್ತಿ ಹಿಡಿದು ಬಂದವಳು ಮೈಕು ತೆರೆದಿರುವುದು ತಿಳಿಯದೆ ಸಿಡುಕಿದ್ದು. ಅದು ಅಷ್ಟು ಸ್ವಚ್ಛವಾಗಿ ಮುದ್ರಣವಾಗಿತ್ತೆಂದು ಅದನ್ನೇ ಅಳತೆಗೋಲು ಮಾಡಿಕೊಂಡರು. ಪೆಟ್ಟಿಗೆಯಿಂದ ಹೊರಟ ದನಿಗೂ ಅದಕ್ಕೂ ಕೂದಲೆಳೆ ವ್ಯತ್ಯಾಸವಿದ್ದರೂ ಕೆಂಪು ದೀಪ. ಆ ಸಿಡುಕು ಕೇಳದ ರೇಡಿಯೊ ಭೂಮಂಡಲದಲ್ಲೇ ಇರಲಿಲ್ಲ. ಮನೆಯಲ್ಲಿ ಮಾತ್ರ ಈಗೀಗ ಸಿಡುಕುವಷ್ಟೂ ಮಾತು ಉಳಿದಿರಲಿಲ್ಲ.

ಅವಳು ಒಳಗೆ ಬಂದು "ಬೀಗದ ಕೈ ಈ ಮೇಜಿನ ಮೇಲಿಟ್ಟಿದೀನಿ" ಎಂದಳು. "ನನ್ನ ಸಾಮಾನೆಲ್ಲ ತಗೊಂಡಾಯ್ತು. ಒಂದು ಉಳಿದಿದೆ."

"ಏನು?"

"ನನ್ನ ದನಿ. ಅಳಿಸಿಬಿಡಿ."

ಮೂಲೆಯಲ್ಲಿ ತಂತಿ ಬೆಸೆಯುತ್ತಿದ್ದ ಬೆಸುಗೆ ಮಾವ ಕಾದ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿದ. ಅವಳ ಸ್ವಂತ ಸೋದರಮಾವ. ಈ ಸಂಬಂಧ ಕುದುರಿಸಿದವನೂ ಅವನೇ. "ಅಲ್ವೇ, ಮಧ್ಯಾಹ್ನ ಬಂದರಿನ ಇನ್‌ಸ್ಪೆಕ್ಟರು ಬರ್ತಾರೆ. ಐದೂ ಪೆಟ್ಟಿಗೆ ಒಂದೇ ತರ ನುಡಿದ್ರೇನೇ ದೋಣಿಗೆ ಹಾಕ್ಸೋದು. ಇವತ್ತೊಂದಿನ ಇರ್ಲಿ."

"ನೀನು ಸುಮ್ನಿರು ಮಾವ. ಇವತ್ತೊಂದಿನ, ಇವತ್ತೊಂದಿನ ಅಂತ್ಲೇ ಇಷ್ಟು ವರ್ಷ ತಳ್ಳಿದ್ದು."

"ಲೋಕದ ಲೋಹಾನೆಲ್ಲ ಅಂಟಿಸಿದೀನಿ. ನಿಮ್ಮಿಬ್ರದ್ದೊಂದು ನಿಲ್ಲಲಿಲ್ಲ ನೋಡು."

"ಬೆಸುಗೆ ಮೇಲೆ ಹೊಳೀತಿತ್ತು ಮಾವ. ಒಳಗೆ ಹಿಡಿದೇ ಇರ್ಲಿಲ್ಲ." ಗಂಡನ ಕಡೆ ತಿರುಗಿದಳು. "ಹಡಗಲ್ಲೂ ನಾನೇ, ಆಂಬುಲೆನ್ಸಲ್ಲೂ ನಾನೇ. ಎಲ್ಲಿ ಹಾಕಿದ್ರೂ ಅದೇ ಸಿಟ್ಟು. ನಂಗೀಗ ಸಿಟ್ಟೂ ಬರಲ್ಲ ರೀ."

ಅವನಿಗೂ ಏನೂ ಬರಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ದವಡೆಯಂತೆ ಇಡೀ ಮನುಷ್ಯ ಮರಗಟ್ಟಿದ್ದ; ಆನೆ ಬಂದು ಪಾದ ತುಳಿದಿದ್ದರೂ "ಸ್ವಲ್ಪ ಆಚೆ" ಎನ್ನುತ್ತಿದ್ದನಷ್ಟೆ. ಅಳತೆಗೋಲು ಹೋದರೆ ತಪಾಸಣೆ ಹೋಯಿತು, ಅಷ್ಟೂ ವರ್ಷಗಳ ಕೆಲಸ ನೀರುಪಾಲು. ಅದು ಗೊತ್ತಿದ್ದೂ ಅವನ ಬೆರಳು ಗುಂಡಿ ಒತ್ತಿತು. ನಿಜವಾಗಿಯೂ ಅಳಿಸಲೇ ಎಂದು ಪರದೆ ಕೇಳಿತು. ಹೌದೆಂದ.

"ಆಯ್ತು" ಎಂದ.

ಅವಳು ಪೆಟ್ಟಿಗೆಗಳನ್ನೊಮ್ಮೆ ನೋಡಿದಳು. "ಊಟ ಆಯ್ತಾ?"

"ಆಮೇಲೆ."

ಅವಳು ಹೊರಟಳು. ಮಾವ ಮೈಕನ್ನು ಅವನ ಮುಂದೆ ತಳ್ಳಿ ಮುದ್ರಣದ ಗುಂಡಿ ಒತ್ತಿ ಹಿಡಿದ. "ಹೊಸ ಅಳತೆಗೋಲು ಬೇಕಲ್ಲ, ಬೇಗ ಏನಾದ್ರೂ ಹೇಳಪ್ಪ. ಒಂದು, ಎರಡು, ಮೂರು ಅಂದ್ರೂ ಸಾಕು."

ಊಸರವಳ್ಳಿ ಬಾಯಿ ತೆರೆದ. ಏಳು ಸಮುದ್ರದ ಪೆಟ್ಟಿಗೆಗಳಿಗೆ ಮಾತು ಕಲಿಸಿದವನ ಬಾಯಿಂದ ಒಂದು ಅಕ್ಷರ ಹೊರಡಲಿಲ್ಲ. ತೆರೆದ ಬಾಗಿಲಾಚೆ ಮರದ ಮೆಟ್ಟಿಲ ಮೇಲೆ ಚಪ್ಪಲಿ ಇಳಿಯುತ್ತಿತ್ತು. ಮಾವ ಗುಂಡಿ ಬಿಡುವ ಹೊತ್ತಿಗೆ ಕೆಳಗಿನ ಬಾಗಿಲು ಮುಚ್ಚಿಕೊಂಡಿತು.

"ಇನ್ನೊಂದ್ಸಲ ಮಾಡೋಣ್ವಾ?"

"ಬೇಡ. ಇದೇ ಇರ್ಲಿ."

ಮಧ್ಯಾಹ್ನ ಬಂದ ಇನ್‌ಸ್ಪೆಕ್ಟರು ಬೆಟ್ಟದಂಥ ಆಳು. ಅವರು ಕೂತ ಕುರ್ಚಿ ಪ್ರಾಣಭಯದಿಂದ ಕಿರುಗುಟ್ಟಿತು. ಹೊಸ ಅಳತೆಗೋಲು ಕೇಳಿ "ಇದೇನ್ರೀ, ಮಾತೇ ಇಲ್ವಲ್ಲ?" ಎಂದರು.

"ಹೆಜ್ಜೆ ಸಪ್ಪಳ ಸಾರ್" ಎಂದ ಮಾವ. "ಹಿಡಿಯೋಕೆ ಮಾತಿಗಿಂತ ಕಷ್ಟ."

ಮೊದಲ ಪೆಟ್ಟಿಗೆಯಲ್ಲಿ ಹೆಜ್ಜೆಗಳು ಇಳಿದವು, ಬಾಗಿಲು ಮುಚ್ಚಿತು, ಹಸಿರು ದೀಪ ಹತ್ತಿತು. ಎರಡನೆಯದರಲ್ಲೂ ಹಾಗೆಯೇ. ಐದನೆಯದು ಮುಗಿದಾಗ ದೀಪಗಳ ಬೆಳಕಿಗೆ ಮೇಜಿನ ಮೇಲಿದ್ದ ಬೀಗದ ಕೈಯೂ ಹಸಿರಾಗಿತ್ತು.

"ಭೇಷ್! ಎಲ್ಲ ಒಂದೇ ತರ ಇದೆ" ಎಂದರು ಇನ್‌ಸ್ಪೆಕ್ಟರು. "ಎಲ್ಲಿ, ಇನ್ನೊಮ್ಮೆ ಹಾಕಿ."

ಊಸರವಳ್ಳಿ ಹಾಕಿದ. ಮೊದಲ ಪೆಟ್ಟಿಗೆಯಲ್ಲಿ ಚಪ್ಪಲಿ ಮತ್ತೆ ಮೇಲಿನ ಮೆಟ್ಟಿಲಿಂದ ಇಳಿಯತೊಡಗಿತು.