ಬಿಟ್ಟುಹೋದ ಹಾಳೆ

ಮೇಕೆ ಸಾಕುವವನ ಫೋನು ಬಂದಾಗ ದನದ ಡಾಕ್ಟರು ಆಗತಾನೇ ಊಟ ಮುಗಿಸಿ ಕೈ ತೊಳೆಯುತ್ತಿದ್ದರು.

"ಸಾರ್, ನೀವು ಬರೆದ ಪುಸ್ತಕ ನೋಡ್ಕೊಂಡೇ ಉಣ್ಣಿ ಔಷಧಿ ಹಚ್ಚಿದೆ. ಮೂರೂ ಮೇಕೆ ನಡುಗ್ತಿವೆ. ಬಾಯಲ್ಲಿ ನೊರೆ."

"ನೀರು ಎಷ್ಟು ಬೆರೆಸಿದೆ?"

"ನೀರಾ? ಪುಸ್ತಕದಲ್ಲಿ ನೀರಿನ ಸುದ್ದಿನೇ ಇಲ್ವಲ್ಲ."

"ಸೋಪು ಹಾಕಿ ಮೈ ತೊಳಿ, ತೊಳೀತಾನೇ ಇರು. ನಿಮ್ಮೂರ ಕಾಂಪೌಂಡರಿಗೆ ಹೇಳ್ತೀನಿ, ಸೂಜಿ ತರ್ತಾನೆ. ಆ ಪುಟ ನನಗೆ ಕಳಿಸು."

ಬಂದದ್ದು ಯಾರೋ ಮೊಬೈಲಿನಲ್ಲಿ ಹೊಡೆದ ಫೋಟೋಗಳು. ಔಷಧಿಯ ಅಳತೆ ಹೇಳುವ ಪುಟದ ಬೆನ್ನಿಗೇ ಮೈಗೆ ಸವರುವ ಪುಟ. ಎರಡು ಹಾಳೆ ಒಟ್ಟಿಗೆ ಮಗುಚಿ, ನೀರು ಬೆರೆಸುವ ಹಾಳೆಯೇ ಬಿಟ್ಟುಹೋಗಿತ್ತು. ಅಂಚಿನಲ್ಲಿ ಪುಸ್ತಕವನ್ನು ಒತ್ತಿಹಿಡಿದ ಹೆಬ್ಬೆರಳು. ಉಗುರಿನ ಮೇಲೆ ಅಡ್ಡ ಸೀಳು. ಮೇವು ಕತ್ತರಿಸುವಾಗ ತಮ್ಮನ ಹೆಂಡತಿ ಕೊಯ್ದುಕೊಂಡ ಆ ಬೆರಳಿಗೆ ಪಟ್ಟಿ ಕಟ್ಟಿದವರು ಡಾಕ್ಟರೇ.

ಅವಳು ಅಡುಗೆಮನೆಯಲ್ಲಿದ್ದಳು. ಡಾಕ್ಟರು ಫೋನು ಮುಂದೆ ಹಿಡಿದರು. "ಸಹಿ ಹಾಕಿದ ಹಾಗೆ ಬೆರಳು ಬಿಟ್ಟಿದ್ದೀಯಲ್ಲ."

ಅವಳು ನೋಡಿದಳು. "ಸಂಘದ ಹೆಂಗಸರು ಕೇಳಿದ್ರು ಭಾವ. ಅಂಗಡೀಲಿ ಪುಸ್ತಕ ಮುಗಿದಿತ್ತು. ಮೇಕೆ ಸಾಯ್ತಿರುವಾಗ ಎರಡನೇ ಮುದ್ರಣ ಕಾಯೋಕಾಗುತ್ತಾ?"

"ಒಂದೇ ಮನೇಲಿದ್ದು ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ಬೇಡ ಅಂತಿದ್ರಿ."

ಅನ್ನುತ್ತಿದ್ದರು, ನಿಜ. ಕೆಲವು ದಿನಗಳಿಂದ, ಮೊಬೈಲಿನಲ್ಲಿ ಬಿಟ್ಟಿ ಓಡಾಡುವ ಪುಸ್ತಕವನ್ನು ಮತ್ತೆ ಅಚ್ಚು ಹಾಕಿ ಯಾರಿಗೆ ಮಾರಲಿ ಎಂದು ಮುದ್ರಣಾಲಯದವನು ಹಿಂದೇಟು ಹಾಕುತ್ತಿದ್ದ. ಅವನನ್ನು ಒಪ್ಪಿಸುತ್ತೇನೆ ಎಂಬ ಆಸೆ ಡಾಕ್ಟರಿಗೆ ಇನ್ನೂ ಇತ್ತು.

"ಯಾರ್ಯಾರಿಗೆ ಹೋಗಿದೆ?"

"ನಾನು ಸಂಘಕ್ಕೆ ಕಳಿಸಿದೆ. ಅಲ್ಲಿಂದ ಎಲ್ಲೆಲ್ಲಿಗೋ." ಅವಳ ಸ್ವರ ಇಳಿದಿತ್ತು. "ಆ ಹಾಳೆ ಈಗ ಕಳಿಸಿಬಿಡ್ಲಾ?"

ಆ ಹಾಳೆಯೂ ಹೋದರೆ ಪುಸ್ತಕ ಪೂರ್ತಿಯಾಗುತ್ತದೆ. ಆಮೇಲೆ ಕೊಳ್ಳುವವರು ಯಾರು? ಕಳಿಸದಿದ್ದರೆ ಈಗಲೇ ಇನ್ನೊಂದು ಕೊಟ್ಟಿಗೆಯಲ್ಲಿ ಯಾರೋ ನೀರು ಬೆರೆಸದ ಔಷಧಿಯನ್ನು ಮೇಕೆಗೆ ಹಚ್ಚುತ್ತಿರಬಹುದು.

ಡಾಕ್ಟರು ಕಪಾಟಿನಿಂದ ಪುಸ್ತಕ ತೆಗೆದು ಆ ಹಾಳೆಯನ್ನು ಅಂಗೈಯಿಂದ ಒತ್ತಿಹಿಡಿದರು. "ಫೋಟೋ ತೆಗಿ. ಮಾತು ನಾನೇ ಹೇಳ್ತೀನಿ."

ಅವಳು ಎರಡೂ ಮಗ್ಗುಲು ತೆಗೆದು, ಫೋನನ್ನು ಅವರ ಬಾಯಿಯ ಹತ್ತಿರ ಹಿಡಿದಳು.

"ಈ ಪುಸ್ತಕ ಬರೆದವನು ನಾನು. ಒಂದು ಹಾಳೆ ಬಿಟ್ಟುಹೋಗಿದೆ. ನೀರು ಬೆರೆಸದೆ ಔಷಧಿ ಹಚ್ಚಬೇಡಿ. ಇದನ್ನ ಎಲ್ಲರಿಗೂ ಕಳಿಸಿ." ಕೊನೆಯ ಮಾತು ಹೇಳಿ ಪುಸ್ತಕ ಮುಚ್ಚಿದರು.

"ತಪ್ಪಾಯ್ತು ಭಾವ."

"ಯಾವುದು? ಕದ್ದಿದ್ದಾ, ಹಾಳೆ ಬಿಟ್ಟಿದ್ದಾ?"

ಅವಳು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರ ಫೋನು ಹೊಡೆದುಕೊಂಡಿತು.

"ಸೂಜಿ ಆಯ್ತು ಸಾರ್. ಎರಡು ಎದ್ದು ನಿಂತಿವೆ. ಗಬ್ಬದ್ದು ಇನ್ನೂ ಎದ್ದಿಲ್ಲ."

"ತೊಳೀತಾನೇ ಇರು," ಎಂದರು ಡಾಕ್ಟರು.